ಸುಗುಣ ಬರುತ್ತಾಳೋ ಇಲ್ಲವೋ

ಸೀರಿಯಲ್ಲಿನಲ್ಲಿ ಯಾರು ಸಾಯುತ್ತಾರೆ, ಸತ್ತವರಲ್ಲಿ ಯಾರು ವಾಪಸ್ಸು ಬರುತ್ತಾರೆ ಎಂಬ ವಿಷಯದಲ್ಲಿ ನನ್ನ ಮಾತು ಸುಳ್ಳಾದದ್ದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ‘ಹುಣಸೆತೋಪಿನ ಮನೆ’ ಶುರುವಾದ ಎರಡು ವರ್ಷದಲ್ಲಿ ಆರು ಜನ ಸತ್ತರು. ಆರು ಸಾವನ್ನೂ ವಾರ ಮುಂಚೆಯೇ ಹೇಳಿದವಳು ಈ ಮುನಿರತ್ನಮ್ಮ. ನಮ್ಮ ಫ್ಯಾನ್ಸ್ ಗ್ರೂಪಿನಲ್ಲಿ ಇನ್ನೂರು ಚಿಲ್ಲರೆ ಜನ ಇದ್ದಾರೆ. ಎಪಿಸೋಡ್ ಮುಗಿದ ಮೇಲೆ ಅವರೆಲ್ಲ ಕಾಯುವುದು ನನ್ನ ವಾಯ್ಸ್ ಮೆಸೇಜಿಗೆ. ಟೈಪು ಮಾಡುವ ತಾಳ್ಮೆ ನನಗಿಲ್ಲ. ಬಾಯಿ ಇರುವಾಗ ಬೆರಳಿಗೇಕೆ ಕೆಲಸ?

ಮಾರನೆಯ ಬೆಳಿಗ್ಗೆ ಚರ್ಚೆ ಮುಂದುವರಿಯುವುದು ಏರ್‌ಪೋರ್ಟಿನ ಸ್ಟಾಫ್ ಬಸ್ಸಿನಲ್ಲಿ. ನಮ್ಮ ಪಕ್ಕದ ವಿಜಯಪುರದಿಂದ ಬರುವ ಬಸ್ಸನ್ನು ನಾನು ದೇವನಹಳ್ಳಿಯಲ್ಲಿ ಹತ್ತುವಾಗಲೇ ಒಳಗೆ ಗಲಾಟೆ ನಡೆದಿರುತ್ತದೆ. ಹೋದ ತಿಂಗಳೆಲ್ಲ ಸುಗುಣಳದೇ ಗಲಾಟೆ. ಹುಣಸೆತೋಪಿನ ಮನೆಯ ಹಿರಿಸೊಸೆ, ಬಂಗಾರದಂಥ ಹೆಂಗಸು. ಅವಳನ್ನು ನಾದಿನಿ ಬಾವಿಗೆ ನೂಕಿ ಸಾಯಿಸಿದ್ದಳು. ಸುಗುಣ ದೆವ್ವವಾಗಿ ಬರುತ್ತಾಳೋ, ಇಲ್ಲ ಅವಳ ಪಾತ್ರ ಅಲ್ಲಿಗೆ ಮುಗಿಯಿತೋ?

“ಮುಗೀತು ಕಣಕ್ಕ,” ಅಂದ ಡ್ರೈವರ್ ಕಾಂತರಾಜು. “ಆ ಹೀರೋಯಿನ್ನು ಬೇರೆ ಸೀರಿಯಲ್ ಒಪ್ಕೊಂಡವ್ಳಂತೆ. ಇಲ್ಲಿ ಫೋಟೋಗೆ ಹಾರ ಹಾಕಿ ಕಳಿಸ್ಬಿಟ್ರು.”

“ನೀನು ಮುಂದೆ ನೋಡ್ಕೊಂಡು ಗಾಡಿ ಓಡ್ಸಪ್ಪ,” ಅಂದೆ. “ಹಾಲುತುಪ್ಪದ ಸೀನು ನೋಡಿದ್ಯೋ ಇಲ್ವೋ? ಗುಂಡಿ ಮೇಲೆ ಎಡೆ ಇಟ್ರು. ಕಾಗೆ ಬಂತು, ನೋಡ್ತು, ಮುಟ್ದೇನೆ ಹಾರೋಯ್ತು. ಕಾಗೆ ಮುಟ್ಟಿಲ್ಲ ಅಂದ್ರೆ ಸತ್ತೋರ ಆಸೆ ತೀರಿಲ್ಲ ಅಂತ. ಬಂದೇ ಬರ್ತಾಳೆ. ಬರ್ದಿಟ್ಕೋ.”

ಬಸ್ಸಿನ ಮುಕ್ಕಾಲು ಪಾಲು ನನ್ನ ಕಡೆಯಾಯಿತು. ಸತ್ತ ಮೂರನೇ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಡೆಯಿಟ್ಟು, ಕಾಗೆಗೆ ಕಾದು ಕೂರದ ಮನೆ ನಮ್ಮ ಕಡೆ ಯಾವುದಿದೆ? ಇದನ್ನೇ ಗ್ರೂಪಿಗೂ ಹೇಳಿ, ಆ ಎಪಿಸೋಡಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಕಾಂತರಾಜುವಿನ ಕಡೆಯವರು ತೆಪ್ಪಗಾದರು.

ಮೂರು ದಿನವಾದ ಮೇಲೆ ಊಟದ ಹೊತ್ತಿನಲ್ಲಿ ನಮ್ಮ ಬಸ್ಸಿನ ಅನುಸೂಯಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಅವಳದು ಏರ್‌ಪೋರ್ಟಿನ ಕಾಂಪೌಂಡಿಗೆ ಅಂಟಿಕೊಂಡಿರುವ ಹಳ್ಳಿ. ಅದೇ ಹಳ್ಳಿಯ ಅಕ್ಷತ ಎಂಬ ಹುಡುಗಿಯೂ ಅವಳ ಜೊತೆಗೇ ಕೊನೆಯ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಾಳೆ. ಅಕ್ಷತಳ ತಾಯಿ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಆ ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ.

“ನಿನ್ನ ಬಾಯಿಗೆ ಬೀಗ ಹಾಕಾ!” ಅಂದಳು ಅನುಸೂಯಮ್ಮ. “ಆ ಹುಡ್ಗಿ ಅಮ್ಮನ ಹಾಲುತುಪ್ಪದ ದಿನಾನೂ ಕಾಗೆ ಬರ್ಲಿಲ್ಲ ಕಣೆ. ಮಧ್ಯಾಹ್ನದವರ್ಗೂ ಕಾದು, ಎಡೇನ ದನಕ್ಕೆ ತಿನ್ನಿಸಿ ಬಂದ್ವಿ. ಈಗ ನಿನ್ನ ಮೆಸೇಜ್ ಹಾಕ್ಕೊಂಡು ಹಾಕ್ಕೊಂಡು ಕೇಳ್ತವ್ಳೆ. ಊಟ ಇಲ್ಲ, ನಿದ್ದೆ ಇಲ್ಲ, ದೀಪ ಆರ್ಸಲ್ಲ.”

ತಾಯಿಯಿಲ್ಲದ ಹುಡುಗಿಯನ್ನು ಹೆದರಿಸಿಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು. ಎಡೆ ಇಟ್ಟಿದ್ದು ಎಲ್ಲಿ ಅಂತ ಕೇಳಿದೆ. ಕಾಂಪೌಂಡ್ ಗೋಡೆಯ ಪಕ್ಕದ ಸ್ಮಶಾನದಲ್ಲಿ, ಬೆಳಿಗ್ಗೆ ಎಂಟೂವರೆಗೆ ಅಂದಳು. ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ನಾನು ಇರುವುದು ರನ್‌ವೇ ಬದಿಯಲ್ಲಿ ಹುಲ್ಲು ಕೊಯ್ಯುವ, ಹಕ್ಕಿ ಓಡಿಸುವ ತಂಡದಲ್ಲಿ. ಇಂಜಿನ್ನಿಗೆ ಹಕ್ಕಿ ಸಿಕ್ಕರೆ ವಿಮಾನಕ್ಕೇ ಅನಾಹುತ. ಅದಕ್ಕೇ ಬೆಳಗಾದರೆ ಪಟಾಕಿ ಸಿಡಿಸಿ, ಹದ್ದು ಕಾಗೆ ಒಂದೂ ಸುಳಿಯದಂತೆ ಮಾಡುತ್ತೇವೆ. ಆ ಗೋಡೆಯ ಬದಿ ಎರಡು ತಿಂಗಳಿಂದ ನನ್ನ ಪಾಲಿಗೇ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಅಕ್ಷತ ಬಸ್ಸು ಹತ್ತುವವರೆಗೂ ಕಾದೆ. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, “ಸುಗುಣ ಬರಲ್ಲ, ನಾನು ಹೇಳಿದ್ದು ತಪ್ಪು,” ಅಂದೆ. ಶಿಳ್ಳೆ ಬಿದ್ದವು. ಕಾಂತರಾಜು ಎರಡು ಸಲ ಹಾರನ್ ಹೊಡೆದ. ಹೊಡೆಯಲಿ ಬಿಡಿ, ಅವನಿಗೂ ಒಂದು ದಿನ ಬೇಡವೇ? ನಾನು ನೇರ ಅಕ್ಷತಳ ಸೀಟಿನ ಹತ್ತಿರ ಹೋದೆ.

“ನಿಮ್ಮಮ್ಮನ ಎಡೆಗೆ ಕಾಗೆ ಬರ್ದೇ ಇದ್ದಿದ್ದಕ್ಕೆ ಅವ್ರ ಆಸೆ ಕಾರಣ ಅಲ್ಲ ಕಣಮ್ಮ. ನಾನು ಕಾರಣ. ಅವತ್ತು ಗೋಡೆ ಈಚೆ ಪಟಾಕಿ ಹೊಡೀತಿದ್ದೋಳು ನಾನೇ. ನಿಮ್ಮಮ್ಮ ನೆಮ್ಮದಿಯಾಗಿ ಹೋಗವ್ರೆ. ಹೆದ್ರಬ್ಯಾಡ.”

ಹುಡುಗಿಯ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು.

“ನಂಗೆ ಹೆದ್ರಿಕೆ ಇರ್ಲಿಲ್ಲ ಅಕ್ಕ. ಬಂದೇ ಬರ್ತಾಳೆ ಅಂದ್ರಲ್ಲ ನೀವು, ಅದಕ್ಕೆ ಹಿತ್ಲು ಬಾಗ್ಲು ಚಿಲ್ಕ ಹಾಕ್ದೆ ಕಾಯ್ತಿದ್ದೆ. ಅಮ್ಮಂಗೆ ಕತ್ಲಲ್ಲಿ ಕಣ್ಣು ಕಾಣಲ್ಲ, ಅದಕ್ಕೇ ದೀಪ. ಹಂಗಾದ್ರೆ ಅಮ್ಮ ಬರೋದೇ ಇಲ್ವಾ?”

ಬರುತ್ತಾಳೆ ಅಂದುಬಿಡಬಹುದಿತ್ತು. ಅಂದಿದ್ದರೆ ಆ ಹುಡುಗಿ ವರ್ಷಗಟ್ಟಲೆ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.

“ಬರಲ್ಲ ಕಣವ್ವ.”

ಅವಳು ನನ್ನ ಹೆಗಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು ಅಂತ ಅನುಸೂಯಮ್ಮ ಆಮೇಲೆ ಹೇಳಿದಳು. ನನಗೂ ಅಳು ಬಂತು, ಅತ್ತೆ. ಕಾಂತರಾಜು ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ, ಇಳೀರಿ ಅಂತ ಯಾರಿಗೂ ಹೇಳದೆ ಸುಮ್ಮನೆ ಕೂತಿದ್ದ.

ಸಂಜೆ ಅವಳ ಸ್ಟಾಪಿನಲ್ಲೇ ನಾನೂ ಇಳಿದೆ. ಯಾಕಕ್ಕ ಅಂದಳು. “ಏಳು ಗಂಟೆಗೆ ಸೀರಿಯಲ್ ಐತೆ, ನಿಮ್ಮನೇಲಿ ಟಿ.ವಿ. ಇಲ್ವಾ?” ಅಂದೆ. ಮುದ್ದೆ ತಿರುವಿ, ಬಸ್ಸಾರು ಬಿಸಿ ಮಾಡಿ, ಎರಡು ತಟ್ಟೆಗೆ ಬಡಿಸಿಕೊಂಡು ಟಿ.ವಿ. ಮುಂದೆ ಕೂತೆವು.

ಏಳೂಕಾಲಿಗೆ ಬಾವಿಯೊಳಗಿಂದ ಒಂದು ಕೈ ಮೇಲೆ ಬಂತು. ಆಮೇಲೆ ತಲೆ, ಬಿಳಿ ಸೀರೆ. ಸುಗುಣ ಬಂದೇ ಬಿಟ್ಟಳು. ನನ್ನ ಮಾತು ನಿಜವಾಗಿತ್ತು. ಕೂತಲ್ಲೇ ಕೂಗಿಕೊಳ್ಳಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ! ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು. ಅಕ್ಕ ಗೆದ್ದರು, ಅಕ್ಕ ರಿವ್ಯೂ ಹಾಕಿ, ಕಾಂತರಾಜು ಎಲ್ಲಿ? ಅಕ್ಷತ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

ಅವಳೆದುರೇ ಫೋನಿನ ಮೈಕ್ ಗುಂಡಿ ಒತ್ತಿ ಹಿಡಿದೆ. “ನಾನು ಮುನಿರತ್ನಮ್ಮ ಮಾತಾಡ್ತಿರೋದು. ಸತ್ತೋರು ವಾಪಸ್ ಬರಲ್ಲ. ಇವ್ರು ಸುಗುಣನ್ನ ಕರ್ಕೊಂಡ್ ಬಂದಿದ್ದು ತಪ್ಪು. ಹತ್ತಕ್ಕೆ ಸೊನ್ನೆ.”

ಅಕ್ಷತ ಟಿ.ವಿ. ಕಡೆ ತಿರುಗಿ, ಮೂಗು ಒರೆಸಿಕೊಂಡಳು.

“ಮೇಕಪ್ಪಿಗಾದ್ರೂ ಒಂದು ಕೊಡಿ ಅಕ್ಕ,” ಅಂದಳು, ತುತ್ತು ನುಂಗಿ.