ಪ್ಯೋನ ತಾಯಿಗೆ ಹೆಗಲು

ಪ್ಯೋ ಛಾಂಗ್‌ಸುವಿನ ಬಲಗಾಲು ಮುರಿಯಬೇಕೆಂದು ನಾಮ್‌ಗುಂಗ್ ಅಣ್ಣ ಹೇಳಿದ್ದು ಬೆಳಗಿನ ಗಂಜಿ ಕುಡಿಯುವಾಗ. ಗುನ್ಸಾನ್ ಬಂದರಿನ ಅರ್ಧ ಅಣ್ಣನದು, ಉಳಿದರ್ಧ ಹೋದ ವರ್ಷದವರೆಗೂ ಪ್ಯೋನದು. ಈಗ ಅದೂ ಅಣ್ಣನದೇ. ಆದರೂ ಪ್ಯೋ ಊರು ಬಿಟ್ಟಿರಲಿಲ್ಲ. ಅಣ್ಣನಿಗೆ ಅದು ಕಣ್ಣಲ್ಲಿ ಕಸ ಬಿದ್ದ ಹಾಗಾಗಿತ್ತು.

"ಇವತ್ತು ಅವನ ತಾಯಿ ಮಣ್ಣು. ಕೈಯಲ್ಲಿ ಚಾಕು ಇರಲ್ಲ. ಹುಡುಗ್ರು ಇರ್ತಾರೆ, ಆದ್ರೆ ಅಳ್ತಾ ಇರ್ತಾರೆ. ಮಧ್ಯಾಹ್ನದೊಳಗೆ ಅವನ ಕಾಲು ಮುರಿದಿರ್ಬೇಕು. ಇಲ್ಲಾಂದ್ರೆ ಬೋಕ್‌ಮಾನ್, ನಿನ್ನ ಕಾಲು ಇದೆಯಲ್ಲ," ಅಂದ ಅಣ್ಣ.

ಬೋಕ್‌ಮಾನ್ ಅಂದರೆ ನಾನು. ಅಣ್ಣ ಆಡಿದ ಮಾತು ತಪ್ಪುವವನಲ್ಲ, ಹಾಳಾದ್ದು ಅದೇ ತೊಂದರೆ. ಜೊತೆಗೆ ಕೊಟ್ಟದ್ದು ಎಂಥವರನ್ನು? ಒಬ್ಬ ಹಾಕ್‌ಜಿನ್, ಹೊಡೆದಾಟದ ನಡುವೆಯೂ ಕ್ರಾಪು ಸರಿಮಾಡಿಕೊಳ್ಳುವ ಶೋಕಿಲಾಲ. ಇನ್ನೊಬ್ಬ ಡೋಕ್‌ಪಾಲ್, ಬೀರುವಿನಷ್ಟು ದೊಡ್ಡ ಆಳು, ತಲೆಯೊಳಗೂ ಬೀರುವಿನಲ್ಲಿರುವಷ್ಟೇ ಕತ್ತಲೆ. ಅವನು ಕಬ್ಬಿಣದ ಪೈಪನ್ನು ಪ್ಯಾಂಟಿನೊಳಗೆ ಇಳಿಬಿಟ್ಟುಕೊಂಡು ಬಂದ.

ಆಸ್ಪತ್ರೆಯ ಹಿಂದಿನ ಅಂತ್ಯಕ್ರಿಯೆ ಭವನದಲ್ಲಿ ಪ್ಯೋನ ಕೋಣೆ ಬಣಗುಟ್ಟುತ್ತಿತ್ತು. ಅಳುವುದಕ್ಕೂ ಹುಡುಗರಿಲ್ಲ. ತೋಳಿಗೆ ಸೂತಕದ ಸೆಣಬಿನ ಪಟ್ಟಿ ಕಟ್ಟಿಕೊಂಡು ಪ್ಯೋ ಒಬ್ಬನೇ ಕೂತಿದ್ದ. ದೂರದಲ್ಲಿ ಮೀನು ಮಾರುವ ಮುದುಕನೊಬ್ಬ ಸಾರು ಕುಡಿಯುತ್ತಿದ್ದ. ಬಾಗಿಲಿಗೆ ಎದುರಾಗಿಯೇ ಮುದುಕಿಯ ಫೋಟೋ, ಊದುಬತ್ತಿ. ಸತ್ತವರ ಮುಂದೆ ಬಗ್ಗದೆ ಒಳಗೆ ಕಾಲಿಡುವವನು ನಮ್ಮಲ್ಲಿ ರೌಡಿಯೂ ಅಲ್ಲ, ಮನುಷ್ಯನೂ ಅಲ್ಲ. ಶೂ ಬಿಚ್ಚಿದೆವು. ಹಾಕ್‌ಜಿನ್‌ನ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಅವನ ಮುಖ ಹುಳ್ಳಗಾಯಿತು.

ಎರಡು ಸಲ ಮೊಣಕಾಲೂರಿ ಹಣೆ ಮುಟ್ಟಿಸಿ ನಮಸ್ಕಾರ ಮಾಡಬೇಕು. ನಾನು ಮಾಡಿದೆ, ಹಾಕ್‌ಜಿನ್ ಮಾಡಿದ. ಡೋಕ್‌ಪಾಲ್‌ನ ಒಂದು ಕಾಲು ಮಡಚುತ್ತಲೇ ಇಲ್ಲ. ಅದನ್ನು ಚಾಚಿಕೊಂಡೇ ಬಗ್ಗಲು ಹೋಗಿ ಪಕ್ಕಕ್ಕೆ ಉರುಳಿದ. ಪ್ಯಾಂಟಿನೊಳಗಿಂದ ಠಣ್ ಎಂದಿತು.

ಪ್ಯೋ ತಣ್ಣಗೆ ನೋಡಿದ. "ಅದನ್ನ ಶೂ ಹತ್ರ ಇಟ್ಟು ಬಾರಪ್ಪ. ನಮ್ಮವ್ವ ಎಲ್ಲೂ ಓಡಿಹೋಗಲ್ಲ, ನಾನೂ ಹೋಗಲ್ಲ."

ಡೋಕ್‌ಪಾಲ್ ವಿಧೇಯನಾಗಿ ಇಟ್ಟು ಬಂದ. ನಮಸ್ಕಾರ ಮುಗಿಯುತ್ತಲೂ ಖಾರದ ದನದ ಸಾರು, ಅನ್ನ, ಕುಡಿಯಲು ಸೋಜು ಸಾರಾಯಿ ಮುಂದೆ ಬಂದವು.

"ಯಾಕೆ ಬಂದಿದ್ದೀರಿ ಅಂತ ಗೊತ್ತು," ಅಂದ ಪ್ಯೋ. "ಮೊದ್ಲು ಉಣ್ಣಿ."

ಸಾವಿನ ಮನೆಯ ಊಟ ಬೇಡ ಎನ್ನುವ ಹಾಗಿಲ್ಲ. ಉಂಡ ಮೇಲೆ ಉಣ್ಣಿಸಿದವನಿಗೆ ಹೊಡೆಯುವ ಹಾಗೂ ಇಲ್ಲ. ಇಕ್ಕಟ್ಟಿಗೆ ಸಿಕ್ಕಿಕೊಂಡೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಡೋಕ್‌ಪಾಲ್ ಎರಡನೇ ಬಟ್ಟಲಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಅಣ್ಣನ ಫೋನು.

"ಮುರಿದ್ರಾ?"

"ಇನ್ನೂ ಊಟ ಮಾಡ್ತಿದ್ದೀವಿ ಅಣ್ಣಾ."

ಅಣ್ಣ ಫೋನು ಕುಕ್ಕಿದ. ನನ್ನ ಕಾಲು ಆಗಲೇ ನೋಯತೊಡಗಿತು.

ಹೆಣ ಎತ್ತುವ ಹೊತ್ತಾಯಿತು. ಭವನದ ಮೇಲ್ವಿಚಾರಕಿ, ಗಟ್ಟಿ ಗಂಟಲಿನ ಹೆಂಗಸು, ಕಪ್ಪು ಸೂಟಿನ ಮೂವರನ್ನು ಕಂಡದ್ದೇ ತಡ, ನಮ್ಮ ಕೈಗೆ ಬಿಳಿ ಗ್ಲೌಸ್ ತುರುಕಿದಳು. ನಾವು ಮದುವೆಗೂ ಹೊಡೆದಾಟಕ್ಕೂ ಅದೇ ಸೂಟು ಹಾಕುವವರು, ಅವಳನ್ನು ದೂರುವುದು ಹೇಗೆ?

"ಹೊರೋರು ನೀವೇ ತಾನೆ? ಸದ್ಯ ಬಂದ್ರಲ್ಲ. ಮಗ ಹೊರೋ ಹಾಗಿಲ್ಲ. ಪೆಟ್ಟಿಗೆಗೆ ಆರು ಜನ ಬೇಕು. ಈ ಅಜ್ಜ, ಹೆಣದ ಗಾಡಿ ಡ್ರೈವರು, ನೀವು ಮೂರು ಜನ. ಇನ್ನೊಬ್ರು ಬೇಕಲ್ಲ?"

ಪ್ಯೋ ತಲೆ ತಗ್ಗಿಸಿ ನಿಂತ. ಅವನು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಚಿಕೆಪಟ್ಟ ಗಂಡಸನ್ನು ನೋಡುವುದು ಕಷ್ಟ. ನಾನು ಗ್ಲೌಸ್ ಹಾಕಿಕೊಂಡೆ.

ಆಗ ಬಾಗಿಲಲ್ಲಿ ನಾಮ್‌ಗುಂಗ್ ಅಣ್ಣ ಕಾಣಿಸಿಕೊಂಡ, ಉದ್ದನೆ ಕೋಟು, ಕಪ್ಪು ಕನ್ನಡಕ, ಮುಖ ಕೆಂಡ. ಬಾಯಿ ತೆರೆದವನ ಎದುರಿಗೇ ಮುದುಕಿಯ ಫೋಟೋ. ಅಣ್ಣ ಬಾಯಿ ಮುಚ್ಚಿದ. ಕನ್ನಡಕ ತೆಗೆದ, ಶೂ ಬಿಚ್ಚಿದ, ಎರಡು ಸಲ ಹಣೆ ಮುಟ್ಟಿಸಿದ. ಏಳುವಾಗ ಮೇಲ್ವಿಚಾರಕಿ ಅವನ ತೋಳು ಹಿಡಿದಳು.

"ಇಷ್ಟು ಹೊತ್ತಿಗಾ ಬರೋದು? ಎಡಗಡೆ ಹಿಂದೆ ನಿಂತ್ಕೊಳ್ಳಿ. ಕೋಟು ಬಿಚ್ರೀ, ಕಾಲಿಗೆ ತೊಡರುತ್ತೆ."

ಅಣ್ಣನಿಗೆ ಹೀಗೆ ಹೇಳಿದವರು ಇನ್ನೂ ಬದುಕಿರುವುದನ್ನು ನಾನು ಕಂಡಿಲ್ಲ. ಅಣ್ಣ ಕೋಟು ಬಿಚ್ಚಿದ.

ಪೆಟ್ಟಿಗೆ ಹೊತ್ತು ಗುಡ್ಡ ಹತ್ತುವಾಗ ಅವನ ಏದುಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. "ಬೋಕ್‌ಮಾನ್, ನಿನ್ನ ಎರಡೂ ಕಾಲು," ಎಂದು ಪಿಸುಗುಟ್ಟಿದ. "ಆಗ್ಲಿ ಅಣ್ಣಾ, ಇಲ್ಲಿ ಜಾರುತ್ತೆ, ಹುಷಾರು," ಅಂದೆ.

ಮಣ್ಣು ಮುಚ್ಚಿಯಾಯಿತು. ಪ್ಯೋ ಬಂದು ಅಣ್ಣನ ಮುಂದೆ ನಿಂತ. "ನನ್ನ ಕಾಲು ಮುರಿಯೋಕೆ ನಿಮ್ಮೋರು ಬರ್ದೇ ಇದ್ದಿದ್ರೆ ನಮ್ಮವ್ವನ್ನ ಹೊರೋರೇ ಇರ್ಲಿಲ್ಲ. ಈಗ ಮುರೀರಿ."

ಅಣ್ಣ ಬೆವರು ಒರೆಸಿಕೊಂಡ. "ನಿನ್ನ ಹುಡುಗ್ರೆಲ್ಲಿ?"

"ಬಂದರು ಕೈತಪ್ಪಿದ ದಿನವೇ ಹೋದ್ರು. ಪ್ರಾಣ ಕೊಡ್ತೀವಿ ಅಂತಿದ್ರು."

ಅಣ್ಣ ನಮ್ಮ ಕಡೆ ತಿರುಗಿದ. ಅಣ್ಣ ನೋಡಿದರೆ ಬಗ್ಗುವುದು ನಮ್ಮ ಅಭ್ಯಾಸ. ಮೂವರೂ ಸೊಂಟ ಮುರಿಯುವ ಹಾಗೆ ಬಗ್ಗಿ, "ನಾವು ಪ್ರಾಣ ಕೊಡ್ತೀವಿ ಅಣ್ಣಾ," ಎಂದು ಒಕ್ಕೊರಲಿನಿಂದ ಕೂಗಿದೆವು. ಅಣ್ಣನ ಮುಖ ಇನ್ನಷ್ಟು ಬಾಡಿತು. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು.

ಅಣ್ಣ ಪ್ಯೋನ ಹತ್ತಿರ ಹೋದ.

"ನಮ್ಮಮ್ಮನಿಗೂ ಎಂಬತ್ತು ದಾಟ್ತು. ಈ ಚಳಿಗಾಲ ಕಳೆಯೋದು ಕಷ್ಟ ಅಂತಾರೆ ಡಾಕ್ಟ್ರು." ಒಂದು ಗಳಿಗೆ ತಡೆದ. "ನೀನು ಬರ್ತೀಯಾ?"

"ಬರ್ತೀನಿ. ನನ್ನ ಮೇಲೆ ಋಣ ಇದೆ."

"ಹಂಗಾದ್ರೆ ಗುಡ್ಡ ಇಳಿಯೋವಾಗ ನೋಡ್ಕೊಂಡು ಇಳಿ," ಅಂದ ಅಣ್ಣ. "ನಿನ್ನ ಕಾಲಿಗೆ ಏನಾದ್ರೂ ಆದ್ರೆ ಕೊಂದ್ಬಿಡ್ತೀನಿ."