ಲಕ್ಷ್ಮಮ್ಮನ ಅಳತೆಯ ದೋಣಿ

ಲಕ್ಷ್ಮಮ್ಮನಿಗೆ ಸಿಟ್ಟು ಬಂದರೆ ಶ್ರೀರಾಂಪುರದ ಆ ಅಡ್ಡರಸ್ತೆಗೆಲ್ಲ ಗೊತ್ತಾಗುತ್ತದೆ. ಅವಳ ಹೊಲಿಗೆ ಯಂತ್ರ ನಿಂತುಬಿಡುತ್ತದೆ. ಆ ಭಾನುವಾರವಂತೂ ಯಂತ್ರ ಒಂದು ಟಾಕೂ ಹಾಕಿರಲಿಲ್ಲ. ಬೆಳಿಗ್ಗೆ ಊರಾಚೆಯ ಕೆರೆಯಲ್ಲಿ ಕಯಾಕ್ ಕಲಿಸುತ್ತಾರೆಂದು ಆಸೆಪಟ್ಟು ಹೋಗಿದ್ದಳು. ಒಬ್ಬರೇ ಕೂತು ಹುಟ್ಟು ಹಾಕುವ ಆ ಪ್ಲಾಸ್ಟಿಕ್ ದೋಣಿಯ ಬಾಯೊಳಗೆ ಅವಳ ಸೊಂಟ ಇಳಿಯಲಿಲ್ಲ. ಕಲಿಸುವವನು ನಗು ತಡೆದುಕೊಂಡು, "ಆಂಟಿ, ಈ ವಯಸ್ಸಿಗೆ, ಈ ಮೈಗೆ ಇದೆಲ್ಲ ಆಗಲ್ಲ. ದಡದಲ್ಲಿ ಕೂತ್ಕೊಂಡು ಫೋಟೊ ತಗೊಳ್ಳಿ," ಅಂದಿದ್ದ.

ಐವತ್ಮೂರು ವರ್ಷದವಳಿಗೆ ದೋಣಿಯ ಹುಚ್ಚು ಯಾಕೆ ಅಂತ ಕೇಳಬೇಡಿ, ಕೇಳಿದವರು ಬೈಸಿಕೊಂಡಿದ್ದಾರೆ. ನಂಜನಗೂಡಿನ ಹತ್ತಿರದ ತೌರಿನಲ್ಲಿ ಕಪಿಲಾ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದ ಹುಡುಗಿ ಅವಳು. ಮೈನೆರೆದ ದಿನ ಅವಳಪ್ಪ ಹೊಳೆ ಬಂದ್ ಮಾಡಿದ. ಅಂದಿನಿಂದ ನೀರೆಂದರೆ ಬಚ್ಚಲಿನ ನೀರು, ಅಷ್ಟೆ. ನಲವತ್ತು ವರ್ಷ ಸುಮ್ಮನಿದ್ದಳು, ಇನ್ನು ಇರುವವಳಲ್ಲ.

"ಆ ದೋಣಿನೇ ಸರಿಯಿಲ್ಲ," ಅಂತ ಗಂಡನ ಮುಂದೆ ಗುಡುಗಿದಳು.

ಕಾಂಪೌಂಡಿನಾಚೆ ಹೂ ಬಿಡಿಸುತ್ತಿದ್ದ ಅಂಬುಜಾ ಮೇಡಂಗೆ ಕೇಳಿಸದೆ ಇರುತ್ತದೆಯೇ? ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಕಣ್ರೀ ಲಕ್ಷ್ಮಮ್ಮ!"

"ರವಿಕೆ ಬಿಗಿಯಾದ್ರೆ ಹೊಲಿಗೆ ಬಿಚ್ತೀನಿ ಮೇಡಂ, ಮೈ ಕುಯ್ಯಲ್ಲ. ನಿಮ್ದೇ ಎಷ್ಟು ಸಲ ಬಿಚ್ಚಿದ್ದೀನಿ, ಯೋಳ್ಲಾ?"

ಅಂಬುಜಾ ಮೇಡಂ ಹೂಬುಟ್ಟಿ ಎತ್ತಿಕೊಂಡು ಒಳಗೆ ನಡೆದರು.

ದಾರಿ ತೋರಿಸಿದ್ದು ಮಗಳು ಸಿಂಚನಳ ಫೋನು. ಹಿಮದ ಸಮುದ್ರದ ಜನ ಮರದ ಹಂದರ ಕಟ್ಟಿ, ಅದರ ಮೇಲೆ ಚರ್ಮ ಬಿಗಿದು ಹೊಲಿದು ಕಯಾಕ್ ಮಾಡುತ್ತಿದ್ದರಂತೆ. ಕೂರುವವರ ಮೈಯೇ ಅದಕ್ಕೆ ಅಳತೆ. ಉದ್ದ ಮೂರು ಮಾರು, ಅಗಲ ಸೊಂಟದ ಅಳತೆಗಿಂತ ಎರಡು ಮುಷ್ಟಿ ಹೆಚ್ಚು. ಚರ್ಮ ಹೊಲಿಯುತ್ತಿದ್ದವರು ಹೆಂಗಸರು.

"ನೋಡುದ್ರಾ? ಇದು ನಮ್ ಕಸುಬು!" ಎಂದು ಗಂಡನ ತೊಡೆಗೆ ಬಾರಿಸಿದಳು. ಗಂಡ ಚೆಲುವರಾಜು ಕಡಕೊಳದ ಕಾರ್ಖಾನೆಯಲ್ಲಿ ಮರಗೆಲಸದವನು, ಮಾತು ಕಮ್ಮಿ. "ಅಳತೆ ಕೊಡು," ಅಂದ.

ಲಕ್ಷ್ಮಮ್ಮ ಎರಡು ಕೈ ಚಾಚಿ ಮಾರು ಕೊಟ್ಟಳು. ಸೊಂಟಕ್ಕೆ ಮಾತ್ರ, "ಪುಸ್ತಕದಲ್ಲೈತೆ," ಎಂದು ತನ್ನ ಗಿರಾಕಿಗಳ ಅಳತೆ ಪುಸ್ತಕದ ಮೊದಲ ಪುಟ ತೆರೆದು, "ಸುತ್ತಳತೆ ಮೂವತ್ತಾರು," ಎಂದು ಓದಿದಳು.

ಎರಡು ತಿಂಗಳು ಪೋರ್ಟಿಕೋದಲ್ಲಿ ಕೆಲಸ ನಡೆಯಿತು. ಸಿಲ್ವರ್ ಓಕಿನ ಪಟ್ಟಿ, ಬೆಂಕಿಗೆ ಹಿಡಿದು ಬಗ್ಗಿಸಿದ ಬಿದಿರಿನ ಪಕ್ಕೆಲುಬು, ಕೂರುವ ಬಾಯಿಗೆ ಬಿದಿರಿನ ಬಳೆ. ಎಲ್ಲೂ ಮೊಳೆಯಿಲ್ಲ, ಎಲ್ಲ ನೈಲಾನ್ ದಾರದ ಕಟ್ಟು. ಬಟ್ಟೆ ಹೊದಿಸುವ ಮುಂಚೆ ಟ್ರಯಲ್ ನೋಡಲೇಬೇಕು ಎಂಬುದು ಲಕ್ಷ್ಮಮ್ಮನ ಕಟ್ಟುನಿಟ್ಟು. ಟ್ರಯಲ್ ದಿನ ಅರ್ಧ ಬೀದಿ ಗೇಟಿನ ಹತ್ತಿರ ಸೇರಿತು.

ಕಾಲು ಇಳಿಯಿತು. ತೊಡೆ ಇಳಿಯಿತು. ಸೊಂಟ ಬಳೆಯ ಮೇಲೆಯೇ ಕೂತುಬಿಟ್ಟಿತು. ಒತ್ತಿದಳು, ಬಿದಿರು ಕಿರ್ರೆಂದಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಗೇಟಿನ ಕಡೆಯಿಂದ ಕಿಸಕ್ಕೆಂದು ನಗು ಬಂತು.

"ಈ ಅಳತೆ ಯಾವತ್ತಿಂದು?" ಎಂದ ಚೆಲುವರಾಜು.

ಅವರ ಮದುವೆಯ ವರ್ಷದ್ದು! ಊರವರ ಮೈಗೆಲ್ಲ ಟೇಪು ಸುತ್ತುವವಳು ಆಮೇಲೆ ಒಂದು ದಿನವೂ ತನ್ನ ಮೈಗೆ ಸುತ್ತಿರಲಿಲ್ಲ. ಮರೆತಿದ್ದಳೇ? ಮರೆವೆಲ್ಲಿಯದು, ಹೆದರಿದ್ದಳು. ಹೌದು, ಲಕ್ಷ್ಮಮ್ಮನೇ ಹೆದರಿದ್ದಳು. ಕೆರೆಯ ದಡದಲ್ಲಿ ಆ ಕಲಿಸುವವನು ನೋಡಿ ನಗು ತಡೆದುಕೊಂಡ ಸೊಂಟವನ್ನು ಅವಳೂ ತನ್ನದೆಂದು ಒಪ್ಪಿಕೊಂಡಿರಲಿಲ್ಲ. ನಾಚಿಕೆಗೆ ಕಣ್ಣಲ್ಲಿ ನೀರೇ ಬಂತು.

"ಒಳಗ್ ಬಾ, ಆಮೇಲ್ ನೋಡುವ," ಎಂದು ಗಂಡ ಪಿಸುಗುಟ್ಟಿದ.

"ಒಳಗ್ಯಾಕೆ? ನಾನೇನ್ ಕದ್ದಿದ್ದೀನಾ?" ಕಣ್ಣೊರೆಸಿಕೊಂಡು ಎದ್ದಳು. ಕೊರಳಲ್ಲಿದ್ದ ಟೇಪು ತೆಗೆದು ಗೇಟಿನತ್ತ ನಡೆದು ಗುಂಪಿನಲ್ಲಿದ್ದ ಅಂಬುಜಾ ಮೇಡಂ ಕೈಗಿಟ್ಟಳು. "ಇಡೀರಿ ಮೇಡಂ. ಸುತ್ತಿ ಜೋರಾಗಿ ಓದಿ."

ಮೇಡಂ ತಬ್ಬಿಬ್ಬಾದರು. ಸುತ್ತಿದರು. "ನಲವತ್ತೇಳು," ಎಂದು ಮೆಲ್ಲಗೆ ಹೇಳಿದರು.

"ಕೇಳುಸ್ನಿಲ್ಲ."

"ನಲವತ್ತೇಳು ಕಣ್ರೀ!"

"ಬರ್ಕೊಳಿ," ಎಂದಳು ಗಂಡನಿಗೆ. "ಅದರ ಮೇಲೆ ಎರಡು ಮುಷ್ಟಿ." ಯಾರೂ ನಗಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು ದಾರದ ಗಂಟು ಬಿಚ್ಚತೊಡಗಿದಳು. ಸ್ವಲ್ಪ ಹೊತ್ತಿಗೆ ಅಂಬುಜಾ ಮೇಡಂ ಸೆರಗು ಸಿಕ್ಕಿಸಿಕೊಂಡು ಎದುರು ಕೂತರು.

ಹಂದರ ಅಗಲವಾಯಿತು, ಬಳೆ ದೊಡ್ಡದಾಯಿತು. ದಪ್ಪ ಕ್ಯಾನ್ವಾಸ್ ಎಳೆದು ಬಿಗಿದು, ಜೋಡಿ ಹೊಲಿಗೆ ಹಾಕಿ, ಮೂರು ಸಲ ಬಣ್ಣ ಬಳಿದರು. ಒಂದು ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಕಡಕೊಳದಾಚೆಯ ಕೆರೆಗೆ ಒಯ್ದರು. ಲಕ್ಷ್ಮಮ್ಮ ಲೈಫ್ ಜಾಕೆಟ್ ಬಿಗಿದುಕೊಂಡು ಕಾಲು ಇಳಿಸಿದಳು, ಸೊಂಟ ಇಳಿಸಿದಳು, ಕೂತಳು. ಅಬ್ಬಾ, ಎಲ್ಲೂ ಒತ್ತಲಿಲ್ಲ.

ಚೆಲುವರಾಜು ಮೊಣಕಾಲು ನೀರಲ್ಲಿ ನಿಂತು ದೋಣಿಯ ಬಾಲ ಹಿಡಿದೇ ಇದ್ದ. "ದಡದ ಪಕ್ಕದಲ್ಲೇ ಒಂದ್ ಸುತ್ತು ಸಾಕು ಕಣಮ್ಮಿ."

"ಕೈ ಬುಡಿ."

ಅವನು ಬಿಟ್ಟ. ದೋಣಿ ಒಮ್ಮೆ ವಾಲಿತು, ಅವಳು ಹುಟ್ಟು ಹಾಕಿದಳು, ನೆಟ್ಟಗಾಯಿತು. ಮತ್ತೊಂದು ಹುಟ್ಟು, ಮತ್ತೊಂದು. ನಡುಗೆರೆಗೆ ಹೋದರೂ ತಿರುಗುವ ಲಕ್ಷಣ ಕಾಣಲಿಲ್ಲ.

"ಬಂದ್ಬುಡೇ, ಊಟದ ಹೊತ್ತಾಯ್ತು!" ಎಂದು ಅವನು ಕೂಗಿದ.

ಲಕ್ಷ್ಮಮ್ಮ ತಿರುಗಿ ನೋಡಲಿಲ್ಲ. "ಮನೆಗೋಗಿ ಅನ್ನಕ್ಕಿಡಿ! ನಾನು ಆ ದಡ ಮುಟ್ಟಿ ಬತ್ತೀನಿ!"