ದರ್ಜಿ, ಹೆಣ್ಣು, ಐವತ್ತೆರಡು ವರ್ಷ

ನಮ್ಮೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು ನಾನೊಬ್ಬಳೇ. ಇದು ಊರಿನ ನಾಯಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಪಟ್ಟಣದ ಕಾಲೇಜಿನಿಂದ ಬಂದ ಸಂಶೋಧಕಿಗೆ ಮಾತ್ರ.

ಹಳ್ಳಿಯ ಬದುಕು ಅಲ್ಲಿರುವವರಿಗೆ ಹೇಗನಿಸುತ್ತದೆ ಎಂಬುದು ಅವಳ ಅಧ್ಯಯನ. ಅಂಕಿಸಂಖ್ಯೆ ಏನೂ ಬೇಡವಂತೆ, ಮನಸ್ಸಿನ ಮಾತು ಬೇಕಂತೆ. ಹೊಲಿಗೆ ಯಂತ್ರದ ಪಕ್ಕ ಪುಟ್ಟ ರೆಕಾರ್ಡರ್ ಇಟ್ಟು, "ನಿಮ್ಮ ಹೆಸರು ಎಲ್ಲೂ ಬರಲ್ಲ. ಯಾರ ಹೆಸರೂ ಬರಲ್ಲ" ಎಂದಳು. ಸಹಿ ಹಾಕಿದೆ. ಆಮೇಲೆ ಎರಡು ಗಂಟೆ ನಾನು ಮಾತಾಡಿದೆ, ಅವಳು ಕೇಳಿದಳು. ಹುಟ್ಟಿದಾಗಿನಿಂದ ನನ್ನ ಮಾತಿಗೆ ಅಡ್ಡ ಬಾಯಿ ಹಾಕದೆ ಅಷ್ಟು ಹೊತ್ತು ಕೇಳಿದವರು ಯಾರೂ ಇರಲಿಲ್ಲ. ಆ ಸುಖಕ್ಕೆ ನಾಲಿಗೆ ಸಡಿಲವಾಯಿತು.

"ಅಳತೆ ತಗೊಳ್ಳುವಾಗ ಎಲ್ಲಾ ಕಾಣುತ್ತಮ್ಮಾ. ಒಬ್ಬಳಿದ್ದಾಳೆ, ಸುಡು ಬೇಸಿಗೇಲೂ ಮಣಿಕಟ್ಟಿನವರೆಗೆ ತೋಳು ಬೇಕು ಅಂತಾಳೆ. ತೋಳ ತುಂಬ ಬಾಸುಂಡೆ. ಕೇಳಿದ್ರೆ ಬಾಗಿಲು ತಾಗ್ತು ಅಂತಾಳೆ. ಬಾಗಿಲು ವಾರಕ್ಕೆರಡು ಸಲ ತಾಗುತ್ತಾ?"

ಆ ಒಬ್ಬಳು ನನ್ನ ದೊಡ್ಡಪ್ಪನ ಮಗಳು, ಹಾಲು ಕೇಂದ್ರದ ಗುಮಾಸ್ತನ ಹೆಂಡತಿ. "ಅಕ್ಕಾ, ನಿನ್ನ ಹೊಟ್ಟೇಲೇ ಇರ್ಲಿ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಆರು ವರ್ಷ ಹೊಟ್ಟೆಯಲ್ಲೇ ಇತ್ತು.

ಎಂಟು ತಿಂಗಳ ಮೇಲೆ ಸಂಶೋಧಕಿ ವರದಿ ಹಿಡಿದು ಬಂದಳು. ಬರೆದದ್ದು ಸರಿಯಿದೆಯೇ ಎಂದು ಹೇಳಿದವರನ್ನೇ ಕೇಳುವುದು ಅವರ ಪದ್ಧತಿಯಂತೆ. ಶಾಲೆಯ ಕೋಣೆಯಲ್ಲಿ ಊರೆಲ್ಲ ಸೇರಿತ್ತು. "ದರ್ಜಿ, ಹೆಣ್ಣು, ಐವತ್ತೆರಡು ವರ್ಷ" ಎಂದು ಓದತೊಡಗಿದಳು. ಎದ್ದು ತಡೆಯಬೇಕು ಅನ್ನುವಷ್ಟರಲ್ಲಿ ಬೇಸಿಗೆ, ಬಾಸುಂಡೆ, ಬಾಗಿಲು ಎಲ್ಲ ಬಂದುಬಿಟ್ಟಿತು, ನನ್ನದೇ ಮಾತಿನಲ್ಲಿ, ಒಂದಕ್ಷರ ಬಿಡದೆ. ಕೋಣೆಯಲ್ಲಿ ವಿಪರೀತ ಸೆಕೆ. ಉದ್ದ ತೋಳಿನ ರವಿಕೆ ತೊಟ್ಟವಳು ಒಬ್ಬಳೇ. ಎಲ್ಲರ ಕತ್ತೂ ಒಟ್ಟಿಗೆ ಅವಳತ್ತ ತಿರುಗಿತು. ಗುಮಾಸ್ತ ಮಾತ್ರ ನನ್ನನ್ನು ನೋಡಿ ನಕ್ಕ.

"ಹೆಸರು ಹಾಕಿಲ್ವಲ್ಲಾ!" ಎಂದಳು ಸಂಶೋಧಕಿ, ನಾನು ಬಾಗಿಲಲ್ಲಿ ತಡೆದು ಕೇಳಿದಾಗ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವಳ ಮೇಲೆ ಮೈಯುರಿಯಿತು. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಊರಿನವರಲ್ಲಿ ಗುಮಾಸ್ತನನ್ನು ಒಬ್ಬರೂ ಏನೂ ಕೇಳಲಿಲ್ಲ. "ಮನೆ ಮಾತು ಬೀದಿಗೆ ಹಾಕ್ತಾರೇನೇ?" ಎಂದು ಕೇಳಿಸಿಕೊಂಡವಳು ನಾನು.

ಮರುದಿನ ಬೆಳಿಗ್ಗೆ ಗುಮಾಸ್ತ ಹೆಂಡತಿಯ ರವಿಕೆಗಳನ್ನೆಲ್ಲ ಗಂಟು ಕಟ್ಟಿ ತಂದು ನನ್ನ ಮೇಜಿನ ಮೇಲೆ ಒಗೆದ.

"ತೋಳು ಕತ್ತರಿಸು. ಮೊಣಕೈಯಿಂದ ಮೇಲಕ್ಕೆ. ಊರು ನೋಡ್ಲಿ."

ಕತ್ತರಿಸಿದೆ. ಬೇರೇನು ಮಾಡಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಈಗ ಅವಳ ತೋಳು ಬೆಣ್ಣೆಯ ಹಾಗೆ ನುಣ್ಣಗಿದೆ. ಊರು ಅದನ್ನು ನೋಡಿ ನನಗೆ ಸುಳ್ಳಿ ಎಂದು ಹೆಸರಿಟ್ಟಿದೆ. ಅಳತೆ ಕೊಡಲು ಅವಳು ಬರುವುದಿಲ್ಲ, ಅಳತೆಗೆಂದು ಹಳೆಯ ರವಿಕೆ ಕಳಿಸುತ್ತಾಳೆ. ನಿನ್ನೆ ಬಂದದ್ದನ್ನು ತಿರುವಿ ಹರಡಿದೆ. ಬೆನ್ನುದ್ದಕ್ಕೂ ಕಂದು ಕಲೆ, ಒಗೆದರೂ ಹೋಗದ್ದು.

ಇವತ್ತು ಸಂಶೋಧಕಿ ಮತ್ತೆ ಬಂದಿದ್ದಾಳೆ, ಎರಡನೇ ಸುತ್ತಿಗೆ. ರೆಕಾರ್ಡರ್ ಅದೇ ಜಾಗದಲ್ಲಿ ಕೂತಿದೆ. "ನಮ್ಮ ಅಧ್ಯಯನ ಆದ್ಮೇಲೆ ಊರಲ್ಲಿ ಏನಾದ್ರೂ ಬದಲಾವಣೆ ಆಯ್ತಾ?" ಎಂದಳು.

ಮೇಜಿನ ಮೇಲಿದ್ದ ಆ ರವಿಕೆಯನ್ನು ಎಳೆದುಕೊಂಡು, ಕಲೆ ಒಳಗಾಗುವ ಹಾಗೆ ಮಡಚಿದೆ.

"ಏನೂ ಇಲ್ಲಮ್ಮಾ. ಎಲ್ಲಾ ಚೆನ್ನಾಗಿದೆ" ಎಂದೆ.

ಅವಳು ಅದನ್ನೂ ಒಂದಕ್ಷರ ಬಿಡದೆ ಬರೆದುಕೊಂಡಳು.